ಅರ್ಕಾವತ್ತಿನ ಸಾಲು ಓಡಿತೇ?

ರಾಯಚೂರು ಜಿಲ್ಲೆಯ ಮೂರು ಊರುಗಳ ಹೆಸರು ತೆಗೆದುಕೊಳ್ಳಿ: ಸಿಂಧನೂರು, ಲಿಂಗಸುಗೂರು, ಮಸ್ಕಿ. ಪದವೊಂದರಲ್ಲಿ ಎಷ್ಟು ಒತ್ತಕ್ಷರ, ಎಷ್ಟು ಅರ್ಕಾವತ್ತು ಇವೆ ಎಂದು ಎಣಿಸುವ ಪುಟ್ಟ ಪ್ರೋಗ್ರಾಮೊಂದನ್ನು ಸಿ ಭಾಷೆಯಲ್ಲಿ ಬರೆದು ಈ ಹೆಸರುಗಳನ್ನು ಅದಕ್ಕೆ ಕೊಡೋಣ. ಅದರ ತರ್ಕ ಸರಳ. ಯೂನಿಕೋಡ್ ಸಂಕೇತಗಳನ್ನು ಒಂದೊಂದಾಗಿ ನೋಡುತ್ತ ಹೋಗಬೇಕು. ಹಲಂತ ಚಿಹ್ನೆ ಸಿಕ್ಕಾಗ ಅದರ ಹಿಂದಿನ ಅಕ್ಷರ ‘ರ’ ಆಗಿದ್ದರೆ ಅರ್ಕಾವತ್ತು, ಅಲ್ಲದಿದ್ದರೆ ಒತ್ತಕ್ಷರ. ಓಡಿಸಿದರೆ ಮಸ್ಕಿಯಲ್ಲಿ ಒಂದು ಒತ್ತಕ್ಷರ, ಉಳಿದ ಎರಡರಲ್ಲಿ ಏನೂ ಇಲ್ಲ ಎನ್ನುತ್ತದೆ. ಮೂರೂ ಉತ್ತರ ಸರಿ.   

ಉತ್ತರ ಸರಿ ಬಂದ ಮಾತ್ರಕ್ಕೆ ಪ್ರೋಗ್ರಾಮಿನ ಎಲ್ಲ ಸಾಲುಗಳೂ ಪರೀಕ್ಷೆಗೆ ಒಳಗಾದವೇ? ಇದನ್ನು ಹೇಳುವ ಸಾಧನದ ಹೆಸರು ಜಿಕೋವ್. ಜಿಸಿಸಿ ಕಂಪೈಲರ್ ಜೊತೆಗೇ ಬರುವ ಇದಕ್ಕೆ ಕಿಟಕಿ, ಗುಂಡಿ ಯಾವುದೂ ಇಲ್ಲ. ಟರ್ಮಿನಲ್‌ನಲ್ಲಿ ಹೆಸರು ಟೈಪ್ ಮಾಡಿ ಎಂಟರ್ ಒತ್ತಬೇಕು.

ಕಂಪೈಲ್ ಆದ ಪ್ರೋಗ್ರಾಮಿನಲ್ಲಿ ಒಂದು ತೊಡಕಿದೆ. ನಾವು ಬರೆದ ಸಾಲುಗಳು ಅದರಲ್ಲಿ ಉಳಿದಿರುವುದಿಲ್ಲ, ಯಂತ್ರಕ್ಕೆ ಅರ್ಥವಾಗುವ ಆದೇಶಗಳಷ್ಟೇ ಇರುತ್ತವೆ. ಹಾಗಾಗಿ ಎಣಿಕೆಯ ಸಿದ್ಧತೆ ಕಂಪೈಲ್ ಮಾಡುವಾಗಲೇ ಆಗಬೇಕು. ‘ಕವರೇಜ್’ ಎಂಬ ಸೂಚನೆ ಕೊಟ್ಟರೆ ಕಂಪೈಲರ್ ಎರಡು ಕೆಲಸ ಮಾಡುತ್ತದೆ: ಪ್ರೋಗ್ರಾಮಿನ ದಾರಿಗಳ ನಕ್ಷೆಯನ್ನು ಬೇರೊಂದು ಕಡತದಲ್ಲಿ ಬರೆದಿಡುತ್ತದೆ, ಮತ್ತು ಆದೇಶಗಳ ನಡುವೆ ಅಲ್ಲಲ್ಲಿ ಎಣಿಕೆ ಮೀಟರುಗಳನ್ನು ತೂರಿಸುತ್ತದೆ. ಪ್ರೋಗ್ರಾಮ್ ಓಡಿ ಮುಗಿದಾಗ ಮೀಟರುಗಳ ಲೆಕ್ಕ ಇನ್ನೊಂದು ಕಡತಕ್ಕೆ ಬೀಳುತ್ತದೆ. ಜಿಕೋವ್ ಈ ಎರಡನ್ನೂ ಜೋಡಿಸಿ, ಪ್ರತಿ ಮೂಲ ಸಾಲಿನ ಎಡಕ್ಕೆ ಅದು ಎಷ್ಟು ಸಲ ಓಡಿತು ಎಂಬ ಅಂಕಿ ಬರೆದು ಕೊಡುತ್ತದೆ.

‘ಅಲ್ಲಲ್ಲಿ’ ಎಂದದ್ದು ಬೇಕೆಂದೇ. ಪ್ರತಿ ತಿರುವಿಗೂ ಮೀಟರ್ ಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: 69ನೇ ಮೈಲಿನಲ್ಲಿ ಗೇಜ್ ಎಷ್ಟಿದೆ ಎಂದು ವಿಚಾರಿಸುತ್ತಲೇ ಬೆಳೆ ತೆಗೆಯುವವರು ಅವರು. ಕಾಲುವೆ ಎರಡಾಗಿ ಒಡೆಯುವಲ್ಲಿ ಬಂದ ನೀರೆಷ್ಟು, ಒಂದು ಕವಲಿಗೆ ಹೋದದ್ದೆಷ್ಟು ಎಂದು ತಿಳಿದರೆ ಇನ್ನೊಂದರ ಲೆಕ್ಕ ಕಳೆದರೆ ಸಿಗುತ್ತದೆ. ಕಂಪೈಲರ್ ಕೂಡ ಹೀಗೆಯೇ ದಾರಿಗಳ ಜಾಲದಲ್ಲಿ ಕೆಲವನ್ನು ಮಾತ್ರ ಆರಿಸಿ ಮೀಟರ್ ಕೂರಿಸುತ್ತದೆ, ಉಳಿದದ್ದನ್ನು ಜಿಕೋವ್ ಕೂಡಿ ಕಳೆದು ತುಂಬುತ್ತದೆ. ಕಾಲುವೆಯಲ್ಲಾದರೆ ಅಕ್ರಮ ಪಂಪ್‌ಸೆಟ್ಟುಗಳು ಈ ಲೆಕ್ಕವನ್ನು ಕೆಡಿಸುತ್ತವೆ. ಪ್ರೋಗ್ರಾಮಿನಲ್ಲಿ ಅಂಥ ಸೋರಿಕೆ ಕಡಿಮೆ. ಆದರೆ ಓಡುತ್ತಿರುವುದನ್ನು ಅರ್ಧದಲ್ಲೇ ಬಲವಂತವಾಗಿ ಕೊಂದರೆ ಮೀಟರಿನ ಲೆಕ್ಕ ಕಡತಕ್ಕೆ ಬೀಳುವುದೇ ಇಲ್ಲ. ಇನ್ನೊಂದು ಎಚ್ಚರಿಕೆ: ವೇಗ ಹೆಚ್ಚಿಸುವ ಸೂಚನೆಗಳನ್ನು ಕೊಟ್ಟಿದ್ದರೆ ಕಂಪೈಲರ್ ಸಾಲುಗಳನ್ನು ಒಂದರೊಳಗೊಂದು ಬೆರೆಸುತ್ತದೆ, ಆಗ ಅಂಕಿಗಳು ವಿಚಿತ್ರವಾಗಿ ಕಾಣುತ್ತವೆ. ಅಳೆಯುವಾಗ ಅವನ್ನು ತೆಗೆದಿಡುವುದು ಒಳ್ಳೆಯದು.

ಈಗ ನಮ್ಮ ವರದಿ ನೋಡೋಣ. ಮೂರು ಹೆಸರುಗಳಲ್ಲಿ ಒಟ್ಟು 23 ಸಂಕೇತಗಳಿವೆ, ಆದ್ದರಿಂದ ‘ಇದು ಹಲಂತವೇ?’ ಎಂದು ಕೇಳುವ ಸಾಲಿನ ಎದುರು 23. ‘ಹಿಂದಿನದು ರ ಏನು?’ ಎಂಬ ಸಾಲಿನ ಎದುರು 1, ಒತ್ತಕ್ಷರ ಎಣಿಸುವ ಸಾಲಿನ ಎದುರೂ 1. ಅರ್ಕಾವತ್ತಿನ ಸಾಲಿನ ಎದುರು ಅಂಕಿ ಇಲ್ಲ, ಬದಲಿಗೆ ##### ಎಂಬ ಐದು ಗುರುತು. ಒಮ್ಮೆಯೂ ಓಡದ ಸಾಲಿಗೆ ಜಿಕೋವ್ ಹಾಕುವ ಮುದ್ರೆ ಅದು. ಆ ಸಾಲಿನಲ್ಲಿ ಎಂಥ ತಪ್ಪಿದ್ದರೂ ಈ ಮೂರು ಊರುಗಳಿಂದ ಅದು ಬಯಲಾಗುತ್ತಿರಲಿಲ್ಲ.

ಲಿಂಗಸುಗೂರಿನ ಪಕ್ಕದ ತಾಲ್ಲೂಕು ದೇವದುರ್ಗ. ಅದನ್ನು ಕೊಟ್ಟು ಇನ್ನೊಮ್ಮೆ ಓಡಿಸಿದರೆ ಹೊಸ ಲೆಕ್ಕ ಹಳೆಯದಕ್ಕೆ ಕೂಡಿಕೊಳ್ಳುತ್ತದೆ: 23 ಇದ್ದದ್ದು 31 ಆಗುತ್ತದೆ, ##### ಹೋಗಿ 1 ಬರುತ್ತದೆ. ಈಗ ವರದಿ ಹೇಳುವುದು ನೂರಕ್ಕೆ ನೂರು.

ಆದರೂ ಪ್ರೋಗ್ರಾಮ್ ತಪ್ಪು. ‘ಟ್ರ್ಯಾಕ್ಟರ್’ ಎಂದು ಕೊಟ್ಟು ನೋಡಿ. ಆ ಪದದಲ್ಲಿ ಅರ್ಕಾವತ್ತೇ ಇಲ್ಲ, ಪ್ರೋಗ್ರಾಮ್ ಮಾತ್ರ ಎರಡಿವೆ ಎನ್ನುತ್ತದೆ. ಕೊನೆಯ ‘ರ್’ ಆದಮೇಲೆ ವ್ಯಂಜನವೇ ಬರುವುದಿಲ್ಲ. ಮೊದಲ ‘ಟ್ರ್ಯಾ’ದಲ್ಲಿ ‘ರ’ ತಾನೇ ಟಕಾರಕ್ಕೆ ಒತ್ತಾಗಿದೆ. ಇವೆರಡನ್ನೂ ವಿಚಾರಿಸುವ ಸಾಲುಗಳನ್ನು ನಾವು ಬರೆದೇ ಇಲ್ಲ; ಬರೆಯದ ಸಾಲಿನ ಎದುರು ಜಿಕೋವ್ ಯಾವ ಮುದ್ರೆಯನ್ನು ತಾನೇ ಹಾಕೀತು? ಶೇಕಡಾ ನೂರು ಎಂಬ ಅಂಕಿಗೆ ಮೇಲಧಿಕಾರಿಗಳು ಮರುಳಾಗುವುದು ಇಲ್ಲೇ. ವಿಮಾನದ ತಂತ್ರಾಂಶಕ್ಕೆ ಅನ್ವಯವಾಗುವ, ಬೆಂಗಳೂರಿನ ವೈಮಾನಿಕ ಎಂಜಿನಿಯರುಗಳಿಗೆ ಚಿರಪರಿಚಿತವಾದ ಡಿಒ-178ಸಿ ಮಾನದಂಡ (2011) ಇದನ್ನು ಬಲ್ಲದು: ಪರೀಕ್ಷೆಗಳು ಹುಟ್ಟಬೇಕಾದದ್ದು ತಂತ್ರಾಂಶ ಏನು ಮಾಡಬೇಕು ಎಂಬ ಪಟ್ಟಿಯಿಂದ, ಆ ಪರೀಕ್ಷೆಗಳು ಎಲ್ಲಿ ತಲುಪಲಿಲ್ಲ ಎಂಬುದನ್ನು ಆಮೇಲೆ ಅಳೆಯಬೇಕು. ಸಾಲುಗಳನ್ನು ನೋಡಿಕೊಂಡು ಪರೀಕ್ಷೆ ಹೆಣೆಯುವುದು ಅಲ್ಲಿ ಒಪ್ಪಿತವಲ್ಲ. ನನಗೆ ಈ ಕ್ರಮವೇ ಸರಿ ಅನ್ನಿಸುತ್ತದೆ, ವಿಮಾನ ಹಾರಿಸದವರಿಗೂ.

ಅರ್ಕಾವತ್ತನ್ನು ನಾನು ಸುಮ್ಮನೆ ಆರಿಸಿಕೊಂಡದ್ದಲ್ಲ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಇವೆಲ್ಲ ಅಕ್ಷರಗಳನ್ನು ಜೋಡಿಸಿ ತೋರಿಸಲು ಬಳಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು. ಸಿ++ ಭಾಷೆಯಲ್ಲಿ ಬರೆದದ್ದು. ಭಾರತೀಯ ಲಿಪಿಗಳನ್ನು ನೋಡಿಕೊಳ್ಳುವ ಅದರ ಭಾಗದಲ್ಲಿ ‘ಲಿಪಿ ಕನ್ನಡವಾಗಿದ್ದು, ರ, ಹಲಂತ, ಕಾಣದ ಜೋಡಕ ಈ ಮೂರು ಇದೇ ಅನುಕ್ರಮದಲ್ಲಿ ಬಂದರೆ’ ಎಂದು ಕೇಳುವ ಒಂದು ತುಂಡಿದೆ. (ಜೋಡಕವೆಂದರೆ ತಾನು ಕಾಣಿಸದೆ ಅಕ್ಷರಗಳು ಕೂಡುವ ಬಗೆಯನ್ನಷ್ಟೇ ಬದಲಿಸುವ ಯೂನಿಕೋಡ್ ಸಂಕೇತ.) ಹೌದಾದರೆ ಅದು ಹಲಂತವನ್ನೂ ಜೋಡಕವನ್ನೂ ಅದಲು ಬದಲು ಮಾಡುತ್ತದೆ. ಹಿಂದಿ, ತಮಿಳು, ತೆಲುಗು ಪದಗಳನ್ನು ಎಷ್ಟು ಲಕ್ಷ ಉಣಿಸಿದರೂ ಆ ತುಂಡಿನ ಒಳಗಿನ ಸಾಲುಗಳು ಓಡುವುದಿಲ್ಲ. ಇಡೀ ತಂತ್ರಾಂಶದ ಶೇಕಡಾ ಲೆಕ್ಕದಲ್ಲಿ ಅವು ಎದ್ದು ಕಾಣುವಷ್ಟು ದೊಡ್ಡವೂ ಅಲ್ಲ. ಆದ್ದರಿಂದ ವರದಿಯ ತಲೆಯಲ್ಲಿರುವ ಶೇಕಡಾವಾರು ಅಂಕಿಗಿಂತ ಸಾಲುಸಾಲಾಗಿ ಇಳಿದು #####ಗಳನ್ನು ಹುಡುಕುವುದೇ ಉಪಯುಕ್ತ.

ಈ ತುಂಡು ಏಕೆ ಬೇಕಾಯಿತೆಂದರೆ ‘ಸೂರ್ಯ’ನನ್ನು ಕಂಪ್ಯೂಟರಿನಲ್ಲಿ ಮೂರು ಬಗೆಯಾಗಿ ಕೀಲಿಸಬಹುದು. ರ, ಹಲಂತ, ಯ ಎಂದು ಕೀಲಿಸಿದರೆ ಅರ್ಕಾವತ್ತು ಬರುತ್ತದೆ: ಸೂರ್ಯ. ಅರ್ಕಾವತ್ತು ಬೇಡ, ರಕಾರವೇ ಮೇಲಿರಲಿ ಎನ್ನುವವರು ಯೂನಿಕೋಡ್ ಹೇಳಿದಂತೆ ರ, ಜೋಡಕ, ಹಲಂತ, ಯ ಎಂದು ಕೀಲಿಸಬೇಕು: ಸೂರ‍್ಯ. ಹಳೆಯ ಕಡತಗಳಲ್ಲಿ ಜೋಡಕ ಹಲಂತದ ಆಚೆ ಕೂತಿರುವುದೂ ಉಂಟು. ಅವೂ ಎರಡನೆಯದರಂತೆಯೇ ಕಾಣಬೇಕು. ಮೊದಲೆರಡು ಬಗೆಗಳಷ್ಟೇ ಇರುವ ಪರೀಕ್ಷೆಯಲ್ಲಿ ಆ ಅದಲು ಬದಲಿನ ಸಾಲಿನ ಎದುರು ##### ಹಾಗೆಯೇ ಉಳಿಯುತ್ತದೆ. ಮೂರನೆಯದನ್ನೂ ಸೇರಿಸಿದಾಗ ಅಂಕಿ ಬೀಳುತ್ತದೆ.