ಬೆಳೆಗಾವಲಿನ ಕೋವಿಯೂ ಸರ್ಕಾರದ ದಫ್ತರವೂ

ಚುನಾವಣೆಯ ದಿನಾಂಕಗಳು ಪ್ರಕಟವಾದ ಕೆಲವೇ ದಿನಗಳಲ್ಲಿ ಮಲೆನಾಡು ಮತ್ತು ಕರಾವಳಿ ಸೀಮೆಗಳ ಪೊಲೀಸು ಠಾಣೆಗಳ ಮುಂದೆ ಒಂದು ದೃಶ್ಯವು ಕಂಡುಬರುವುದುಂಟು. ಗೋಣಿತಾಟಿನಲ್ಲಿಯೋ ಹಳೆಯ ಪಂಚೆಯಲ್ಲಿಯೋ ಸುತ್ತಿದ ಕೋವಿಯನ್ನು ಹೆಗಲಿಗಾನಿಸಿಕೊಂಡು ರೈತರು ಒಬ್ಬರ ಹಿಂದೊಬ್ಬರು ಬಂದು ನಿಲ್ಲುತ್ತಾರೆ. ಠಾಣೆಯವರು ಕೋವಿಯ ನಂಬರನ್ನು ಲೈಸೆನ್ಸು ಪುಸ್ತಕದೊಡನೆ ತಾಳೆ ನೋಡಿ, ರಸೀತಿ ಬರೆದುಕೊಟ್ಟು, ಕೋವಿಯನ್ನು ಒಳಗಿಡುತ್ತಾರೆ. ರೈತನು ಬರಿಗೈಯಲ್ಲಿ ಊರಿಗೆ ಹಿಂದಿರುಗುತ್ತಾನೆ. ಕಾಡುಹಂದಿಗೆ ಚುನಾವಣೆಯ ವಿಚಾರವು ತಿಳಿಯದು. 2023ರ ವಿಧಾನಸಭೆಯ ಚುನಾವಣೆಯು ಮಾರ್ಚಿ 29ರಂದು ಘೋಷಿತವಾಗಿ ಮೇ 13ರಂದು ಮತಗಳ ಎಣಿಕೆಯು ಮುಗಿಯಿತು. 2024ರ ಲೋಕಸಭೆಯ ಚುನಾವಣೆಯು ಮಾರ್ಚಿ 16ರಿಂದ ಜೂನ್ 4ರವರೆಗೆ, ಅಂದರೆ ಎರಡೂವರೆ ತಿಂಗಳಿಗೂ ಮೇಲ್ಪಟ್ಟು ನಡೆಯಿತು. ಬಾಳೆಯ ಕಂದುಗಳನ್ನೂ ಎಳೆಯ ಅಡಿಕೆಸಸಿಗಳನ್ನೂ ಬುಡಮೇಲು ಮಾಡುವುದಕ್ಕೆ ಹಂದಿಯ ಹಿಂಡಿಗೆ ಅಷ್ಟು ಕಾಲವು ಬೇಕಾಗಿಲ್ಲ. ಒಂದು ರಾತ್ರಿ ಸಾಕು.

ಹೀಗೆ ಕೋವಿಯನ್ನು ಒಪ್ಪಿಸಿ ಬಂದವರಲ್ಲಿ ಅನೇಕರು, ಸರ್ಕಾರದವರು ತಮ್ಮ ಕೋವಿಯನ್ನು ಕಿತ್ತುಕೊಂಡರೆಂದೇ ಹೇಳುತ್ತಾರೆ. ಲೈಸೆನ್ಸು ಪಡೆದು ದಫ್ತರದಲ್ಲಿ ಹೆಸರು ಬರೆಯಿಸಿದವನ ಕೋವಿಯನ್ನೇ ಕೇಳುವರು, ಬರೆಯಿಸದೆ ಕದ್ದಿಟ್ಟವನನ್ನು ಕೇಳುವವರಿಲ್ಲ ಎಂಬ ದೂರೂ ಉಂಟು. ಈ ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಠೇವಣಿ ಬೇರೆ, ಮುಟ್ಟುಗೋಲು ಬೇರೆ. ಠೇವಣಿಯಿಟ್ಟ ಕೋವಿಯ ಒಡೆತನವು ರೈತನದೇ; ಮುಟ್ಟುಗೋಲಾದ ಕೋವಿಯು ಸರ್ಕಾರದ ಸ್ವತ್ತು. ಈ ಎರಡರ ನಡುವಣ ಅಂತರವನ್ನು ತಿಳಿಯದೆ, ಮೊದಲನೆಯದನ್ನು ಎರಡನೆಯದೆಂದು ಭ್ರಮಿಸಿ ಸುಮ್ಮನಾದವರು, ಕೊನೆಗೆ ತಮ್ಮ ಅಲಕ್ಷ್ಯದಿಂದಲೇ ಕೋವಿಯನ್ನು ನಿಜವಾಗಿಯೂ ಕಳೆದುಕೊಳ್ಳುವ ಸಂಭವವುಂಟು.

ಜನರ ಭಯವು ನಿರಾಧಾರವಾದುದಲ್ಲ. ಅದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಪೂರ್ವವೃತ್ತಾಂತವಿದೆ. 1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ದಂಗೆಯೆದ್ದಾಗ, ಕಂಪೆನಿ ಸರ್ಕಾರದವರು ಆ ವರ್ಷದ 28ನೆಯ ಕಾಯಿದೆಯನ್ನು ಮಾಡಿ, ಆಯುಧಗಳ ತಯಾರಿ, ಮಾರಾಟ ಮತ್ತು ಇಟ್ಟುಕೊಳ್ಳುವಿಕೆಯನ್ನು ತಮ್ಮ ಹತೋಟಿಗೆ ತೆಗೆದುಕೊಂಡರು. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಹಲಗಲಿ ಗ್ರಾಮವು ಆಗ ಮುಧೋಳ ಸಂಸ್ಥಾನದಲ್ಲಿತ್ತು. ಅಲ್ಲಿಯ ಬೇಡರಿಗೆ ಆಯುಧವು ಅಲಂಕಾರದ ವಸ್ತುವಾಗಿರಲಿಲ್ಲ. ಬೇಟೆಯೂ ಕಾವಲೂ ಅವರ ಕುಲವೃತ್ತಿ. ಆಯುಧವನ್ನು ಬಿಟ್ಟುಕೊಡುವುದೆಂದರೆ ಒಕ್ಕಲಿಗನು ನೇಗಿಲನ್ನು ಬಿಟ್ಟುಕೊಟ್ಟಂತೆಯೇ ಸರಿ. ಅವರು ಒಪ್ಪಲಿಲ್ಲ. ನವೆಂಬರ್ ತಿಂಗಳ ಕೊನೆಯಲ್ಲಿ ಕುದುರೆಯ ದಂಡು ಗ್ರಾಮವನ್ನು ಮುತ್ತಿತು. ಊರಿಗೆ ಬೆಂಕಿಯಿಡಲಾಯಿತು, ಬಹುಮಂದಿ ಮಡಿದರು. ಸೆರೆಸಿಕ್ಕವರಲ್ಲಿ 19 ಜನರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಈ ವೃತ್ತಾಂತವನ್ನು ಹಾಡುವ ಲಾವಣಿಯನ್ನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಸಂಗ್ರಹಿಸಿ ಪ್ರಕಟಿಸಿದ ಕಾರಣ ಅದು ಉಳಿದುಬಂದಿದೆ.

ಹಲಗಲಿಯ ಸಂಗತಿಯಲ್ಲಿ ವಿಚಾರಮಾಡತಕ್ಕ ಅಂಶವು ಒಂದುಂಟು. ಅಲ್ಲಿ ದಾಖಲೆಮಾಡುವ ಹುಕುಮೂ ಕಸಿದುಕೊಳ್ಳುವ ಹುಕುಮೂ ಕಾರ್ಯತಃ ಒಂದೇ ಆಗಿದ್ದವು. ಯಾವನ ಆಯುಧವನ್ನು ಯಾವ ಕಾರಣಕ್ಕಾಗಿ ತೆಗೆದುಕೊಳ್ಳುವರೆಂದು ಹೇಳತಕ್ಕ ಲಿಖಿತವಿರಲಿಲ್ಲ. ತಪ್ಪಾಗಿ ತೆಗೆದುಕೊಂಡರೆ ಯಾರ ಮುಂದೆ ಅಪೀಲು ಹೋಗಬೇಕೆಂಬುದೂ ಇರಲಿಲ್ಲ. ಅದೇ ಆಳ್ವಿಕೆಯವರು ನಾಲ್ಕು ವರ್ಷಗಳೊಳಗಾಗಿ, 1861ರಲ್ಲಿ, ನಿರಾಯುಧೀಕರಣದ ಕಾಯಿದೆಯು ಕೊಡಗಿನವರಿಗೆ ಅನ್ವಯಿಸುವುದಿಲ್ಲವೆಂದು ಕಮಿಷನರ್ ಮಾರ್ಕ್ ಕಬ್ಬನ್ನರ ಮೂಲಕ ಜಾಹೀರು ಮಾಡಿದರು. ಒಂದು ಕಡೆ ಗಲ್ಲು, ಇನ್ನೊಂದು ಕಡೆ ಗೌರವ. ಎರಡೂ ಆಳುವವರ ಪ್ರಸನ್ನತೆಯನ್ನು ಅವಲಂಬಿಸಿದ್ದವೇ ಹೊರತು ಪ್ರಜೆಯ ಹಕ್ಕನ್ನಲ್ಲ.

ಕೊಡಗಿನ ವಿನಾಯಿತಿಯು ಇಂದಿಗೂ ಉಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ಅಗತ್ಯವಿಲ್ಲದಿದ್ದರೂ ವಿನಾಯಿತಿ ಪತ್ರವನ್ನು ಪಡೆದಿರತಕ್ಕದ್ದು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು. ಕೇಂದ್ರ ಸರ್ಕಾರದ 2019ರ ಪ್ರಕಟಣೆಯಂತೆ ಈ ವಿನಾಯಿತಿಯು 2029ರವರೆಗೆ ಇರುವುದು. ಪುತ್ತರಿಯ ರಾತ್ರಿ ಕದಿರು ತೆಗೆಯುವಾಗ ಗದ್ದೆಯಲ್ಲಿ ಹಾರಿಸುವ ಈಡನ್ನು ಕೇಳಿದವರಿಗೆ, ಆ ನಾಡಿನಲ್ಲಿ ಕೋವಿಯೂ ಬೇಸಾಯವೂ ಎಷ್ಟು ಹತ್ತಿರದ ನೆಂಟರೆಂಬುದನ್ನು ವಿವರಿಸಬೇಕಾಗಿಲ್ಲ.

1878ರ ಕಾಯಿದೆಯು ಇಡೀ ದೇಶವನ್ನು ನಿರಾಯುಧವನ್ನಾಗಿ ಮಾಡಿತೆಂಬ ಅಸಮಾಧಾನವು ಬಹುಕಾಲ ಉಳಿದಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ, ನಿಯಮಗಳಿಗೊಳಪಟ್ಟು ಆಯುಧವನ್ನಿಟ್ಟುಕೊಳ್ಳುವುದು ಪ್ರಜೆಯ ಹಕ್ಕೆಂದು ಸೇರಿಸಲಾಗಿತ್ತು. 1948ರಲ್ಲಿ ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು ಅದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ಸೂಚಿಸಿದರು. ದುಷ್ಕರ್ಮಿಗಳೂ ಅದೇ ಹಕ್ಕನ್ನು ಕೇಳಬಹುದೆಂಬ ಕಾರಣದಿಂದ ಡಾಕ್ಟರ್ ಅಂಬೇಡ್ಕರರು ಒಪ್ಪಲಿಲ್ಲ. ಆದಕಾರಣ ಕೋವಿಯು ನಮ್ಮ ದೇಶದಲ್ಲಿ ಮೂಲಭೂತ ಹಕ್ಕಿನ ಬಾಬಲ್ಲ, ಕಾಯಿದೆಯ ಬಾಬು. 1959ರಲ್ಲಿ ಅಂಗೀಕೃತವಾಗಿ 1962ರಲ್ಲಿ ಜಾರಿಗೆ ಬಂದ ಆಯುಧಗಳ ಕಾಯಿದೆಯೇ ಇಂದು ಈ ವಿಷಯದಲ್ಲಿ ಆಧಾರ.

ಈ ಕಾಯಿದೆಯು ಬೇಸಾಯಗಾರನನ್ನು ಮರೆತಿಲ್ಲ. 13ನೆಯ ಪ್ರಕರಣದಲ್ಲಿ, ನಿಜವಾದ ಬೆಳೆಗಾವಲಿಗಾಗಿ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಅಂದರೆ ಕೇಪಿನ ಕೋವಿಯಂಥದನ್ನು, ಕೇಳುವವನಿಗೆ ವಿಶೇಷವಾಗಿ ಅವಕಾಶವಿದೆ. ಅಂಥ ಕೋವಿಯು ಸಾಲದೆಂದು ಅಧಿಕಾರಿಗೆ ಮನದಟ್ಟಾದರೆ ತೋಟೆಯ ಕೋವಿಗೂ ಅಪ್ಪಣೆ ಕೊಡಬಹುದು. ಆದರೆ ಈ ಲೈಸೆನ್ಸು ಕೋವಿಯನ್ನಿಟ್ಟುಕೊಳ್ಳುವುದಕ್ಕೆ ಮಾತ್ರ, ಮೃಗವನ್ನು ಕೊಲ್ಲುವುದಕ್ಕಲ್ಲ. ಬೆಳೆಯನ್ನು ತಿನ್ನುವ ಹಂದಿಯನ್ನು ಹೊಡೆಯುವುದಕ್ಕೂ 1972ರ ವನ್ಯಜೀವಿ ಕಾಯಿದೆಯ ಮೇರೆಗೆ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅಪ್ಪಣೆ ಬೇಕು. ಸದ್ದು ಮಾಡಿ ಬೆದರಿಸಿ ಓಡಿಸುವುದೇ ಸಾಮಾನ್ಯ ರೈತನಿಗೆ ಕೋವಿಯ ಮುಖ್ಯ ಪ್ರಯೋಜನವಾಗಿರುವುದು.

ಇನ್ನು ಸರ್ಕಾರದವರು ಕೋವಿಯನ್ನು ತೆಗೆದುಕೊಳ್ಳಬಹುದಾದ ಸಂದರ್ಭಗಳು. 17ನೆಯ ಪ್ರಕರಣದಂತೆ, ಸಾರ್ವಜನಿಕ ಶಾಂತಿಗೆ ಅವಶ್ಯಕವೆಂದು ಕಂಡರೆ, ಅಥವಾ ಲೈಸೆನ್ಸುದಾರನು ಸಂಗತಿಗಳನ್ನು ಮರೆಮಾಚಿದ್ದರೆ, ಅಥವಾ ಷರತ್ತುಗಳನ್ನು ಮೀರಿದ್ದರೆ, ಅಧಿಕಾರಿಯು ಲೈಸೆನ್ಸನ್ನು ಅಮಾನತ್ತಿನಲ್ಲಿಡಬಹುದು ಇಲ್ಲವೆ ರದ್ದುಮಾಡಬಹುದು. ಆದರೆ ಕಾರಣಗಳನ್ನು ಬರೆದಿಡತಕ್ಕದ್ದು. ಸಾರ್ವಜನಿಕ ಹಿತಕ್ಕೆ ಬಾಧಕವೆಂದು ತೋರಿದ ಹೊರತು, ಲೈಸೆನ್ಸುದಾರನು ಕೇಳಿದರೆ ಅವುಗಳ ಸಂಕ್ಷೇಪವನ್ನು ಕೊಡತಕ್ಕದ್ದು. ಆತನಿಗೆ ಅಪೀಲಿನ ಹಕ್ಕೂ ಉಂಟು. ಹಲಗಲಿಯವರಿಗೆ ಇಲ್ಲದೆ ಹೋದದ್ದು ಇದೇ. ಕೇಳಿದರೆ ಕೊಡುವರೆಂಬ ಕಡೆಯಲ್ಲಿ ಕೇಳದಿರುವುದು ರೈತರ ಹಳೆಯ ಸಂಕೋಚ. ಗ್ರಾಮದ ಹಿರಿಯರು ಅರ್ಜಿಯನ್ನು ಬರೆಯಿಸಿಕೊಟ್ಟು ಈ ಸಂಕೋಚವನ್ನು ಬಿಡಿಸಬಹುದು.

ಎಲ್ಲಕ್ಕಿಂತಲೂ ಕಠಿಣವಾದದ್ದು 24ನೆಯ ಪ್ರಕರಣ. ಲೈಸೆನ್ಸು ಸರಿಯಾಗಿದ್ದರೂ, ಷರತ್ತು ಒಂದನ್ನೂ ಮೀರದಿದ್ದರೂ, ಶಾಂತಿರಕ್ಷಣೆಗಾಗಿ ಯಾರ ಆಯುಧವನ್ನಾದರೂ ವಶಪಡಿಸಿಕೊಂಡು ಬೇಕಾದಷ್ಟು ಕಾಲ ಇಟ್ಟುಕೊಳ್ಳುವ ಅಧಿಕಾರವನ್ನು ಇದು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. ದಫ್ತರದಲ್ಲಿ ಹೆಸರಿರುವುದೊಂದೇ ರಕ್ಷಣೆಯೆಂದು ತಿಳಿಯುವವರು ಈ ಪ್ರಕರಣವನ್ನು ಓದಿಸಿಕೊಳ್ಳುವುದು ಮೇಲು.

ಕಾನೂನುಬದ್ಧವಾಗಿ ಹೊಂದಿದ್ದ ಕೋವಿಯನ್ನು ಜನರು ಬಿಟ್ಟುಕೊಡಬೇಕಾಗಿ ಬಂದ ಇತ್ತೀಚಿನ ಪ್ರಸಂಗವು 2019ರ ತಿದ್ದುಪಡಿಯದು. ಅಲ್ಲಿಯವರೆಗೆ ಒಬ್ಬನು ಮೂರು ಬಂದೂಕುಗಳವರೆಗೆ ಇಟ್ಟುಕೊಳ್ಳಬಹುದಾಗಿತ್ತು. ತಿದ್ದುಪಡಿಯು ಅದನ್ನು ಎರಡಕ್ಕೆ ಇಳಿಸಿ, ಹೆಚ್ಚಿನದನ್ನು ಒಂದು ವರ್ಷದೊಳಗೆ ಠಾಣೆಯಲ್ಲಾಗಲಿ ಅಧಿಕೃತ ವ್ಯಾಪಾರಿಯಲ್ಲಾಗಲಿ ಒಪ್ಪಿಸಬೇಕೆಂದು ವಿಧಿಸಿತು. ಅಜ್ಜನ ಕಾಲದ ಜೋಡಿನಳಿಗೆಯ ಕೋವಿಯೂ ಎಣಿಕೆಯಿಂದ ಹೊರಗುಳಿಯಲಿಲ್ಲ. ತಪ್ಪು ಮಾಡಿದವರಿಂದಲ್ಲ, ಲೆಕ್ಕ ಒಪ್ಪಿಸಿದವರಿಂದಲೇ ಕೋವಿಯು ಹೋಯಿತೆಂಬ ಮಾತಿಗೆ ಇದೇ ಸಾಕ್ಷಿ. 1996ರಲ್ಲಿ ಆಸ್ಟ್ರೇಲಿಯಾ ದೇಶದವರು ಕೆಲವು ಬಗೆಯ ಬಂದೂಕುಗಳನ್ನು ನಿಷೇಧಿಸಿದಾಗ, ಸುಮಾರು 6,50,000 ಬಂದೂಕುಗಳಿಗೆ ಬೆಲೆ ಕಟ್ಟಿಕೊಟ್ಟು ಹಿಂತೆಗೆದುಕೊಂಡರು. ಬೇಸಾಯದ ಕಾರಣವನ್ನು ತೋರಿಸಿದ ರೈತನಿಗೆ ಸಾಧಾರಣ ಕೋವಿಯ ಲೈಸೆನ್ಸನ್ನೂ ಉಳಿಸಿದರು. ಇಲ್ಲಿಯ ತಿದ್ದುಪಡಿಯಲ್ಲಿ ಬೆಲೆಯ ಮಾತಿಲ್ಲ. ಆದರೆ ಅದೇ ತಿದ್ದುಪಡಿಯು ಲೈಸೆನ್ಸಿನ ಅವಧಿಯನ್ನು ಮೂರು ವರ್ಷಗಳಿಂದ ಐದಕ್ಕೆ ಏರಿಸಿ ಕಚೇರಿಯ ಅಲೆದಾಟವನ್ನು ತಗ್ಗಿಸಿರುವುದೆಂಬುದನ್ನೂ ಹೇಳಬೇಕು.

ಈ ದೊಡ್ಡ ಸಂಗತಿಗಳಿಗಿಂತಲೂ ಸಣ್ಣ ಕಾರಣಗಳಿಂದ ಹೋಗುವ ಕೋವಿಗಳ ಮೇಲೆಯೇ ಗ್ರಾಮಗಳಲ್ಲಿ ಹೆಚ್ಚು ಗಮನವಿರಬೇಕು. ಲೈಸೆನ್ಸಿನ ಅವಧಿ ಮುಗಿದ ಮರುದಿನದಿಂದ ಕೋವಿಯನ್ನು ಮನೆಯಲ್ಲಿಡುವುದು ಅಪರಾಧ. ಅಣ್ಣನ ಹೆಸರಿನ ಕೋವಿಯನ್ನು ಅಣ್ಣನಿಲ್ಲದ ವೇಳೆ ತಮ್ಮನು ಹಿಡಿದು ತೋಟಕ್ಕೆ ಹೋಗುವುದೂ ಅಪಾಯಕರ. ಯಜಮಾನನು ತೀರಿಕೊಂಡ ಮನೆಯಲ್ಲಿ, ಹದಿಮೂರನೆಯ ದಿನದ ಕಾರ್ಯಗಳ ಗಡಿಬಿಡಿಯಲ್ಲಿ ಅಟ್ಟದ ಮೇಲಿನ ಕೋವಿಯು ಯಾರ ನೆನಪಿಗೂ ಬರುವುದಿಲ್ಲ. ಲೈಸೆನ್ಸು ಸತ್ತವನೊಡನೆಯೇ ಮುಗಿದಿರುತ್ತದೆ, ಕೋವಿಯು ಮಾತ್ರ ಉಳಿದಿರುತ್ತದೆ. 21ನೆಯ ಪ್ರಕರಣದಂತೆ ಅದನ್ನು ತಡಮಾಡದೆ ಹತ್ತಿರದ ಠಾಣೆಯಲ್ಲಿಯೋ ಅಧಿಕೃತ ವ್ಯಾಪಾರಿಯಲ್ಲಿಯೋ ಠೇವಣಿಯಿಡತಕ್ಕದ್ದು. ಹಾಗೆ ಇಟ್ಟ ಕೋವಿಯನ್ನು ವಾರಸುದಾರನು ತನ್ನ ಹೆಸರಿಗೆ ಲೈಸೆನ್ಸು ಪಡೆದು ಹಿಂದಕ್ಕೆ ತರಬಹುದು. ಬೇಡವಾದರೆ ಮಾರಿಸಿ ಹಣವನ್ನು ಪಡೆಯಬಹುದು. ಗೊತ್ತುಪಡಿಸಿದ ಅವಧಿಯೊಳಗೆ ಎರಡನ್ನೂ ಮಾಡದಿದ್ದರೆ ಮಾತ್ರ, ನೋಟೀಸು ಕೊಟ್ಟು ವಿಚಾರಿಸಿದ ಮೇಲೆ, ಜಿಲ್ಲಾ ದಂಡಾಧಿಕಾರಿಯ ಹುಕುಮಿನಿಂದ ಅದು ಮುಟ್ಟುಗೋಲಾಗುತ್ತದೆ. ವಿಧವೆಯೊಬ್ಬಳ ಮನೆಗೆ ಬಂದ ಅಂಥ ನೋಟೀಸನ್ನು ಓದಿ ಹೇಳುವವರಿಲ್ಲದೆ ಕೋವಿಯು ಹೋದರೆ, ಅದರಲ್ಲಿ ಕಾಯಿದೆಗಿಂತ ನೆರೆಹೊರೆಯವರ ದೋಷವೇ ಹೆಚ್ಚು. 2016ರ ನಿಯಮಗಳಲ್ಲಿ, ಎಪ್ಪತ್ತು ವರ್ಷ ತುಂಬಿದ ಲೈಸೆನ್ಸುದಾರನು ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಕೋವಿಯನ್ನು ವರ್ಗಾಯಿಸುವಂತೆ ಕೇಳಿಕೊಳ್ಳಬಹುದೆಂಬ ಸೌಕರ್ಯವಿದೆ. ವಯಸ್ಸಾದ ಜಮೀನುದಾರರು ಜಮೀನಿನ ಖಾತೆಯಷ್ಟೇ ಇದನ್ನೂ ನೆನೆಯಬೇಕು. ಲೈಸೆನ್ಸಿನ ವಿವರಗಳೆಲ್ಲವೂ ಈಗ ಅಖಿಲ ಭಾರತದ ಒಂದೇ ದಫ್ತರದಲ್ಲಿ ಸೇರಿ, ಪ್ರತಿ ಲೈಸೆನ್ಸುದಾರನಿಗೂ ಒಂದು ವಿಶಿಷ್ಟ ಸಂಖ್ಯೆ ಇರಬೇಕೆಂದು ವಿಧಿಸಿರುವ ಕಾರಣ, ಹಳೆಯ ಪುಸ್ತಕದಲ್ಲಿ ಆ ಸಂಖ್ಯೆಯು ನಮೂದಾಗಿದೆಯೇ ಎಂಬುದನ್ನೂ ಪರೀಕ್ಷಿಸಿಕೊಳ್ಳತಕ್ಕದ್ದು.

ಚುನಾವಣೆಯ ಠೇವಣಿಯ ವಿಷಯಕ್ಕೆ ಮರಳಿದರೆ, ಎಲ್ಲ ಲೈಸೆನ್ಸುದಾರರೂ ಕಣ್ಣುಮುಚ್ಚಿ ಕೋವಿಯನ್ನು ಒಪ್ಪಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆಯಲ್ಲ. ಗೋವೆಯ ಒಬ್ಬ ಲೈಸೆನ್ಸುದಾರರ 2009ರ ರಿಟ್ ಅರ್ಜಿಯಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ಕೊಟ್ಟ ತೀರ್ಪನ್ನು ಅನುಸರಿಸಿ, ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾ ದಂಡಾಧಿಕಾರಿಯೂ ಪೊಲೀಸು ವರಿಷ್ಠರೂ ಇರುವ ಪರಿಶೀಲನಾ ಸಮಿತಿಯು ಒಬ್ಬೊಬ್ಬರ ವಿಷಯವನ್ನೂ ನೋಡಬೇಕೆಂದು ಆಯೋಗವು ಹೇಳಿರುತ್ತದೆ. ಮುಖ್ಯವಾಗಿ ಜಾಮೀನಿನ ಮೇಲಿರುವವರು, ಅಪರಾಧದ ಪೂರ್ವಚರಿತ್ರೆಯುಳ್ಳವರು, ಹಿಂದೆ ದೊಂಬಿಗಳಲ್ಲಿ, ಅದರಲ್ಲಿಯೂ ಚುನಾವಣೆಯ ಕಾಲದ ದೊಂಬಿಗಳಲ್ಲಿ, ಸೇರಿದ್ದವರು ಈ ಪರಿಶೀಲನೆಗೆ ಒಳಗಾಗತಕ್ಕವರು. 2024ರ ಮಾರ್ಚಿಯಲ್ಲಿ ಅಲಹಾಬಾದು ಉಚ್ಚ ನ್ಯಾಯಾಲಯವೂ ಸಾರಾಸಗಟು ಹುಕುಮು ಸಲ್ಲದೆಂದು ಹೇಳಿತು. ಆದಾಗ್ಯೂ ಅನೇಕ ಕಡೆಗಳಲ್ಲಿ ಎಲ್ಲರಿಗೂ ಒಂದೇ ಸೂಚನೆಯು ಹೊರಡುವುದು ರೂಢಿಯಾಗಿದೆ. ಕೆಲವರ ಮೇಲಿನ ಸಂಶಯಕ್ಕಾಗಿ ಇಡೀ ಹೋಬಳಿಯ ತೋಟಗಳು ಕಾವಲಿಲ್ಲದಂತಾಗುವುದು ನ್ಯಾಯವೂ ಅಲ್ಲ, ಬೇಸಾಯದ ದೃಷ್ಟಿಯಿಂದ ವಿವೇಕವೂ ಅಲ್ಲ.

ಆದಕಾರಣ ಬೆಳೆಗೆ ಮೃಗಗಳ ಕಾಟವುಳ್ಳ ರೈತನು, ದಿನಾಂಕಗಳು ಪ್ರಕಟವಾದೊಡನೆಯೇ, ಸರ್ವೆ ನಂಬರು, ಬೆಳೆ, ಹಿಂದೆ ಆದ ನಷ್ಟ, ಲೈಸೆನ್ಸಿನ ಸಂಖ್ಯೆ ಇವುಗಳನ್ನು ಬರೆದು, ಪಹಣಿಯ ನಕಲನ್ನು ಲಗತ್ತಿಸಿ, ಸಮಿತಿಗೆ ವಿನಾಯಿತಿಯ ಅರ್ಜಿಯನ್ನು ಕೊಟ್ಟು ಸ್ವೀಕೃತಿಯನ್ನು ಪಡೆಯಬೇಕು. ಹಿಂದಿನ ಬೆಳೆನಷ್ಟಕ್ಕೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯ ನಕಲಿದ್ದರೆ ಅದಕ್ಕಿಂತ ಬಲವಾದ ಆಧಾರವಿಲ್ಲ. ಅರ್ಜಿಯು ತೀರ್ಮಾನವಾಗುವ ಮುನ್ನ ಠೇವಣಿಯ ಹುಕುಮು ಬಂದರೆ ಅದನ್ನು ಮೀರಬಾರದು. ಮೀರಿದರೆ ಷರತ್ತುಭಂಗದ ಕಾರಣವನ್ನು ರೈತನೇ ಕೈಯಾರೆ ಕೊಟ್ಟಂತಾಗುವುದು.

ಒಪ್ಪಿಸುವ ಮುನ್ನ ನಳಿಗೆಯನ್ನು ಒರೆಸಿ ಎಣ್ಣೆ ಸವರಬೇಕು. ಠಾಣೆಯ ಕೋಣೆಯಲ್ಲಿ ಯಾರೂ ಅದನ್ನು ಮಾಡುವುದಿಲ್ಲ. ಮದ್ದು ತುಂಬಿಲ್ಲವೆಂಬುದನ್ನು ಮನೆಯಲ್ಲಿಯೇ ನೋಡಿಕೊಳ್ಳಬೇಕು. ರಸೀತಿಯಲ್ಲಿ ಕೋವಿಯ ನಂಬರು, ನಳಿಗೆಗಳ ಸಂಖ್ಯೆ, ಮರದ ಹಿಡಿಯ ಸ್ಥಿತಿ, ತೋಟೆಗಳನ್ನೂ ಕೊಟ್ಟಿದ್ದರೆ ಅವುಗಳ ಲೆಕ್ಕ, ದಿನಾಂಕ, ಠಾಣಾಧಿಕಾರಿಯ ರುಜು ಮತ್ತು ಮೊಹರು ಇವೆಲ್ಲವೂ ಇರಬೇಕು. ಫಲಿತಾಂಶವು ಪ್ರಕಟವಾಗಿ ಒಂದು ವಾರ ಕಳೆದೊಡನೆ ಕೋವಿಯನ್ನು ಹಿಂದಕ್ಕೆ ಕೊಡತಕ್ಕದ್ದು. ಮುಂಗಾರು ಅಷ್ಟರಲ್ಲಿ ಹಿಡಿದಿರುತ್ತದೆ, ಬಿತ್ತನೆಯ ಅವಸರದಲ್ಲಿ ಠಾಣೆಗೆ ಹೋಗುವುದು ನಾಳೆಗೆ, ನಾಡಿದ್ದಿಗೆ ಎಂದು ಮುಂದೆ ಬೀಳುತ್ತದೆ. ಹಾಗಾಗದಂತೆ ಗ್ರಾಮದ ಮುಖಂಡರು ಒಪ್ಪಿಸಿದವರ ಪಟ್ಟಿಯೊಂದನ್ನು ತಮ್ಮಲ್ಲಿಯೂ ಇಟ್ಟುಕೊಂಡು, ಒಂದೇ ದಿನ ಎಲ್ಲರನ್ನೂ ಕರೆದುಕೊಂಡು ಹೋಗಿ, ರಸೀತಿಯೊಡನೆ ತಾಳೆ ನೋಡಿ, ಕೋವಿಗಳನ್ನು ಬಿಡಿಸಿಕೊಂಡು ಬರುವುದು ಒಳ್ಳೆಯದು.