ಮೊದಲ ಸಲ ಡ್ರ್ಯಾಗ್ ರೇಸ್‌ಗೆ ಕಾರು ಒಯ್ತಿದ್ದೀರಾ? ಕ್ಲಚ್ ಬಿಡೋ ಮುಂಚೆ ಇಷ್ಟು ಗೊತ್ತಿರಲಿ

ಪವರ್ ಇರೋ ಕಾರು ಅಂದ್ರೆ ಬೆಂಗಳೂರಿನವರದ್ದು ಅನ್ನೋ ಕಾಲ ಹೋಯ್ತು. ಹ್ಯುಂಡೈ 2023ರಲ್ಲಿ ತಂದ ವೆರ್ನಾ ಟರ್ಬೊದಲ್ಲಿ 160 ಪಿಎಸ್ ಶಕ್ತಿ ಇದೆ. ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾ ಕಾರುಗಳ 1.5 ಲೀಟರ್ ಎಂಜಿನ್‌ನಲ್ಲಿ 150 ಪಿಎಸ್. ಇವೆಲ್ಲ ಆರು ಗೇರಿನ ಮ್ಯಾನುಯಲ್‌ನಲ್ಲೂ ಬಂದಿವೆ. ತಾಲೂಕು ಕೇಂದ್ರಗಳಲ್ಲೂ ಈಗ ಇಂಥ ಕಾರುಗಳು ಕಾಣ್ತವೆ. ಎಷ್ಟೋ ಮನೆಗಳಲ್ಲಿ ಕಾರು ಅಪ್ಪನ ಹೆಸರಲ್ಲಿ, ಕಂತು ಕಟ್ಟೋದು ಅಂಗಡಿ ವ್ಯಾಪಾರದಿಂದ, ಓಡಿಸೋದು ಮಗ.

ಕೀ ಕೈಗೆ ಸಿಕ್ಕ ಮೇಲೆ ಬರೋ ಪ್ರಶ್ನೆ ಒಂದೇ: "ನನ್ನ ಗಾಡಿ ಎಷ್ಟು ಫಾಸ್ಟು?" ಇದಕ್ಕೆ ಉತ್ತರವನ್ನ ರಾತ್ರಿ ಹೊತ್ತು ಬೈಪಾಸ್ ರಸ್ತೆಯಲ್ಲಿ ಹುಡುಕೋದು ತಪ್ಪು, ಅಪಾಯ. ಉತ್ತರ ಸಿಗೋ ಜಾಗ ಬೇರೆ ಇದೆ. ಅಲ್ಲಿಗೆ ಹೋಗೋದು ಹೇಗೆ, ಹೋದ ಕಾರಲ್ಲೇ ಊರಿಗೆ ವಾಪಸ್ ಬರೋದು ಹೇಗೆ ಅನ್ನೋದೇ ಈ ಬರಹ.

ರಸ್ತೆಯಲ್ಲಿ ರೇಸ್: ಕಾನೂನು ಏನು ಹೇಳುತ್ತೆ?

ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ, ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ವಾಹನಗಳ ರೇಸ್ ಅಥವಾ ವೇಗದ ಪರೀಕ್ಷೆ ಮಾಡೋದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಓಡಿಸಿದವರಷ್ಟೇ ಅಲ್ಲ, ರೇಸ್‌ಗೆ "ಅನುಮತಿ ಕೊಟ್ಟವರೂ" ಈ ಸೆಕ್ಷನ್ ಒಳಗೆ ಬರ್ತಾರೆ. ಗೊತ್ತಿದ್ದೂ ಕೀ ಕೊಡೋ ಅಪ್ಪ, ಅಣ್ಣಂದಿರು ಈ ಮಾತನ್ನ ಎರಡು ಸಲ ಓದಿಕೊಳ್ಳಬೇಕು.

ಅಮೆರಿಕದಲ್ಲಿ ಡ್ರ್ಯಾಗ್ ಸ್ಟ್ರಿಪ್‌ಗಳು ಬೆಳೆಯೋಕೆ ಕಾರಣವೂ ಈ ರಸ್ತೆ ರೇಸ್‌ಗಳೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಊರ ಬೀದಿಗಳಲ್ಲೇ ಪೈಪೋಟಿಗೆ ಇಳಿದಿದ್ದರು. 1950ರಲ್ಲಿ ಸಾಂಟಾ ಅನಾ ಅನ್ನೋ ಊರಿನ ವಿಮಾನ ನಿಲ್ದಾಣದಲ್ಲಿ ಇದಕ್ಕೆ ಅಂತಲೇ ಜಾಗ ಶುರುವಾಯ್ತು. 1951ರಲ್ಲಿ ವಾಲಿ ಪಾರ್ಕ್ಸ್ ಅನ್ನೋವರು ಎನ್‌ಎಚ್‌ಆರ್‌ಎ ಸಂಸ್ಥೆ ಕಟ್ಟಿದರು. ಹುಡುಗರನ್ನ ಬೀದಿಯಿಂದ ಎಬ್ಬಿಸಿ, ನಿಯಮ ಇರೋ ಜಾಗಕ್ಕೆ ಕರ್ಕೊಂಡು ಹೋಗೋದು ಅದರ ಮುಖ್ಯ ಉದ್ದೇಶವಾಗಿತ್ತು.

ನಮ್ಮ ದೇಶದಲ್ಲಿ ಇದಕ್ಕಂತಲೇ ಕಟ್ಟಿದ ಕಾಯಂ ಸ್ಟ್ರಿಪ್ ಅಪರೂಪ. ವಿಮಾನದ ರನ್‌ವೇಗಳಲ್ಲಿ, ರೇಸ್ ಟ್ರ್ಯಾಕ್‌ಗಳ ನೇರ ಭಾಗದಲ್ಲಿ ಆಗಾಗ ಸ್ಪರ್ಧೆ ನಡೀತವೆ. ಮಹಾರಾಷ್ಟ್ರದ ಲೋನಾವಳ ಹತ್ತಿರದ ಆಂಬಿ ವ್ಯಾಲಿ ರನ್‌ವೇಯಲ್ಲಿ ನಡೆಯೋ 'ವ್ಯಾಲಿ ರನ್' ಇವುಗಳಲ್ಲಿ ಹೆಸರುವಾಸಿ. ಯಾವುದೇ ಸ್ಪರ್ಧೆಗೆ ಹೆಸರು ಕೊಡೋ ಮುಂಚೆ ಒಂದು ಪ್ರಶ್ನೆ ಕೇಳಿ: ಭಾರತದ ಮೋಟಾರು ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾನ್ಯತೆ ಇದೆಯಾ? ಆಂಬುಲೆನ್ಸ್, ಬೆಂಕಿ ಆರಿಸೋ ವ್ಯವಸ್ಥೆ, ತಡೆಗೋಡೆ ಇಲ್ಲದ ಕಡೆ ಹೋಗಲೇಬೇಡಿ.

ಇನ್ಶೂರೆನ್ಸ್ ಕಾಗದ ತೆಗೆದು ಓದಿ

ಖಾಸಗಿ ಕಾರಿನ ಪಾಲಿಸಿಯಲ್ಲಿ 'ಬಳಕೆಯ ಮಿತಿ' ಅಂತ ಒಂದು ಭಾಗ ಇರುತ್ತೆ. ಸಂಘಟಿತ ರೇಸ್, ವೇಗ ಪರೀಕ್ಷೆಗೆ ವಿಮೆ ಅನ್ವಯಿಸಲ್ಲ ಅಂತ ಅಲ್ಲಿ ಬರೆದಿರ್ತಾರೆ. ಅಂದ್ರೆ ಸ್ಪರ್ಧೆ ಕಾನೂನುಬದ್ಧವೇ ಆದರೂ, ಸ್ಟ್ರಿಪ್ ಮೇಲೆ ಕಾರು ಗೋಡೆಗೆ ತಾಗಿದರೆ ಖರ್ಚು ನಿಮ್ಮದೇ. ಕಂಪನಿ ವಾರಂಟಿಯೂ ಸಾಮಾನ್ಯವಾಗಿ ರೇಸ್‌ನಲ್ಲಿ ಆದ ಹಾನಿಗೆ ಸಿಗಲ್ಲ. ಕಂತು ಇನ್ನೂ ನಡೀತಿರೋ ಕಾರಾದರೆ ಮನೆಯವರ ಜೊತೆ ಮೊದಲೇ ಕೂತು ಮಾತಾಡಿ. ಹೇಳದೆ ಒಯ್ಯಬೇಡಿ.

ಅಲ್ಲಿ ನಡೆಯೋದೇನು?

ಡ್ರ್ಯಾಗ್ ಅಂದ್ರೆ ನಿಂತ ಜಾಗದಿಂದ ಹೊರಟು ನೇರವಾಗಿ ಕಾಲು ಮೈಲಿ, ಅಂದ್ರೆ 402 ಮೀಟರ್ ಓಡೋದು. ಅಕ್ಕಪಕ್ಕ ಎರಡು ಲೇನ್. 150-160 ಪಿಎಸ್ ಕಾರಿಗೆ ಇದು ಸುಮಾರು 16-17 ಸೆಕೆಂಡಿನ ಆಟ. ಕೊನೇ ಗೆರೆ ದಾಟುವಾಗ ವೇಗ ಗಂಟೆಗೆ 130-140 ಕಿ.ಮೀ. ಹತ್ತಿರ ಇರುತ್ತೆ.

ಶುರುವಿನಲ್ಲಿ ದೀಪದ ಕಂಬ ಇರುತ್ತೆ. ಹೊಸಬರು ಗಾಬರಿ ಆಗೋದು ಇಲ್ಲೇ. ಮುಂದಿನ ಚಕ್ರ ನೆಲದ ಹತ್ತಿರ ಹಾಯೋ ಮೊದಲ ಬೆಳಕಿನ ಕಿರಣಕ್ಕೆ ಅಡ್ಡ ಬಂದಾಗ ಮೇಲಿನ ಸಣ್ಣ ದೀಪ ಹತ್ತುತ್ತೆ. ಇನ್ನೂ ಒಂದು ಗೇಣು ಮುಂದೆ ಹೋದರೆ ಎರಡನೇದು. ಎರಡೂ ಹತ್ತಿದರೆ ನೀವು ಸರಿಯಾದ ಜಾಗದಲ್ಲಿ ನಿಂತಿದ್ದೀರಿ ಅಂತ. ಆಮೇಲೆ ಹಳದಿ, ಕೊನೆಗೆ ಹಸಿರು. ಹಸಿರಿಗೆ ಮೊದಲೇ ಹೊರಟರೆ ಕೆಂಪು ದೀಪ, ಆ ಓಟ ಸೋತ ಲೆಕ್ಕ.

ಒಂದು ಸಮಾಧಾನದ ವಿಷಯ: ನಿಮ್ಮ ಕಾರಿನ ಓಟದ ಸಮಯ ಶುರುವಾಗೋದು ಹಸಿರು ಬಂದಾಗ ಅಲ್ಲ, ನಿಮ್ಮ ಚಕ್ರ ಗೆರೆ ಬಿಟ್ಟಾಗ. ಹಸಿರು ಬಂದು ಎರಡು ಸೆಕೆಂಡ್ ಬಿಟ್ಟು ಹೊರಟರೆ ಪಕ್ಕದವನ ಎದುರು ಸೋಲ್ತೀರಿ, ಆದರೆ ನಿಮ್ಮ ಗಾಡಿಯ ಸಮಯ ಕೆಡಲ್ಲ. ಮೊದಲ ದಿನ ಪಕ್ಕದ ಲೇನ್ ಕಡೆ ತಿರುಗಿಯೂ ನೋಡಬೇಡಿ.

ಒಂದು ವಾರ ಮುಂಚೆ ಗ್ಯಾರೇಜ್‌ನಲ್ಲಿ

ಹೊಸ ಸ್ಪೇರ್ ಹಾಕಿಸಬೇಡಿ, ಟ್ಯೂನಿಂಗ್ ಬೇಡ. ಇರೋದನ್ನ ಸರಿಯಾಗಿ ನೋಡಿಸಿ.

ಕ್ಲಚ್: ನಾಲ್ಕನೇ ಗೇರಲ್ಲಿ ನಿಧಾನವಾಗಿ ಹೋಗ್ತಾ, ಮುಂದೆ ರಸ್ತೆ ಖಾಲಿ ಇದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರ್ತಿದೆ ಅಂತ ಅರ್ಥ. ಅಂಥ ಗಾಡಿ ಒಯ್ಯಬೇಡಿ. ಇಂಥ ಕಾರುಗಳ ಕ್ಲಚ್ ಬದಲಾಯಿಸೋಕೆ ಹತ್ತಾರು ಸಾವಿರ ಬೇಕು.

ಬ್ರೇಕ್: ಪ್ಯಾಡ್ ಎಷ್ಟು ಉಳಿದಿದೆ ನೋಡಿಸಿ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವಾಂಶ ಹೀರಿಕೊಳ್ಳುತ್ತೆ. ಎರಡು ವರ್ಷ ದಾಟಿದ್ದರೆ ಬದಲಾಯಿಸಿ.

ಟಯರ್: ಪಕ್ಕದಲ್ಲಿ ಉಬ್ಬು, ಸೀಳು ಇದ್ದರೆ, ಹಳೇ ಪಂಕ್ಚರ್ ತೇಪೆಯಿಂದ ಗಾಳಿ ಇಳೀತಿದ್ದರೆ ಆ ಟಯರ್ ಬೇಡ. ಚಕ್ರದ ಬೋಲ್ಟ್‌ಗಳನ್ನ ಕಾಲಲ್ಲಿ ಒದ್ದು ಬಿಗಿ ಮಾಡೋ ಪದ್ಧತಿ ಬಿಡಿ. ಕಾರಿನ ಪುಸ್ತಕದಲ್ಲಿ ಹೇಳಿರೋ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿಸಿ.

ಎಂಜಿನ್ ಆಯಿಲ್, ಕೂಲಂಟ್ ಮಟ್ಟ ನೋಡಿ. ಆಯಿಲ್ ಗೆರೆ ಮೀರಿ ತುಂಬಿಸೋದೂ ತಪ್ಪೇ.

ಅವತ್ತು ಬೆಳಿಗ್ಗೆ

ಕಾರು ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ಡಿಕ್ಕಿಯಲ್ಲಿರೋ ಅಂಗಡಿ ಸಾಮಾನು ಎಲ್ಲ ಇಳಿಸಿ ಜೊತೆಗೆ ಬಂದವರ ಹತ್ತಿರ ಬಿಡಿ. ಡ್ಯಾಶ್‌ಬೋರ್ಡ್ ಮೇಲಿನ ಗಣಪನನ್ನೂ ಭಕ್ತಿಯಿಂದಲೇ ಇಳಿಸಿ ಇಡಿ. ಅಂಟು ಕಿತ್ತು ಬಂದರೆ ಮುಖಕ್ಕೇ ಹಾರೋದು. ಮುಖ್ಯವಾಗಿ ಸೀಟಿನ ಕೆಳಗಿನ ನೀರಿನ ಬಾಟಲಿ. ಗಾಡಿ ನಿಲ್ಲಿಸುವಾಗ ಅದು ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಮುಂದಿನದ್ದು ಹೇಳೋದೇ ಬೇಡ. ಡ್ರೈವರ್ ಕಡೆ ಮ್ಯಾಟನ್ನೂ ತೆಗೆದುಬಿಡಿ.

ಚಪ್ಪಲಿ ಬೇಡ, ಅಡಿ ತೆಳುವಾಗಿರೋ ಶೂ ಇರಲಿ. ಪೂರ್ತಿ ತೋಳಿನ ಹತ್ತಿ ಬಟ್ಟೆ ಹಾಕಿ. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಮೈಗೆ ಅಂಟುತ್ತೆ. ಹೆಲ್ಮೆಟ್ ಕಡ್ಡಾಯ ಅಂದ್ಕೊಳ್ಳಿ. ಎನ್‌ಎಚ್‌ಆರ್‌ಎ ನಿಯಮದಲ್ಲಿ 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡೋ ಕಾರಿಗೆ ಹೆಲ್ಮೆಟ್ ಬೇಕೇ ಬೇಕು. ನಿಮ್ಮ ಕಾರು ಅಷ್ಟು ಓಡದಿದ್ದರೂ ತಲೆ ಒಂದೇ. ಬೈಕ್ ಹೆಲ್ಮೆಟ್ ನಡೆಯುತ್ತಾ ಅಂತ ಆಯೋಜಕರನ್ನ ಮೊದಲೇ ಕೇಳಿ.

ಲೈನ್‌ಗೆ ಹೋಗೋ ಮುಂಚೆಯೇ ಎ.ಸಿ. ಆಫ್ ಮಾಡಿ. ಅದರಿಂದ ತೊಟ್ಟಿಕ್ಕೋ ನೀರು ಟ್ರ್ಯಾಕ್ ಮೇಲೆ ಬಿದ್ದು, ಹಿಂದೆ ಬರೋವನ ಗಾಡಿ ಜಾರುತ್ತೆ.

ಟಯರ್ ಗಾಳಿ ಕಂಪನಿ ಹೇಳಿದಷ್ಟೇ ಇರಲಿ. ಗಾಳಿ ಇಳಿಸಿದರೆ ಹಿಡಿತ ಜಾಸ್ತಿ ಅಂತ ಅಲ್ಲಿ ಯಾರಾದರೂ ಹೇಳ್ತಾರೆ. ಅದರಲ್ಲಿ ಸತ್ಯ ಇದೆ, ಆದರೆ ಎಷ್ಟು ಇಳಿಸಬೇಕು ಅನ್ನೋ ಅಂದಾಜು ಅನುಭವದಿಂದ ಬರೋದು. ಮೊದಲ ದಿನ ಕೈ ಹಾಕಬೇಡಿ.

ಕ್ಲಚ್ ಬಿಡೋದೇ ವಿದ್ಯೆ

ಮೊದಲ 60 ಅಡಿ, ಅಂದ್ರೆ ಸುಮಾರು 18 ಮೀಟರ್, ಅಲ್ಲೇ ಅರ್ಧ ಆಟ ಮುಗಿದಿರುತ್ತೆ. ಅಲ್ಲಿ ಕಳ್ಕೊಂಡ ಸಮಯ ಕೊನೇ ಗೆರೆಗೆ ಬರೋ ಹೊತ್ತಿಗೆ ಇನ್ನೂ ಜಾಸ್ತಿ ಆಗಿರುತ್ತೆ.

ವೆರ್ನಾ, ವರ್ಟಸ್, ಸ್ಲಾವಿಯಾ ಎಲ್ಲವೂ ಮುಂದಿನ ಚಕ್ರ ಎಳೆಯೋ ಗಾಡಿಗಳು. ಜೋರಾಗಿ ಹೊರಟಾಗ ತೂಕ ಹಿಂದಕ್ಕೆ ಹೋಗುತ್ತೆ, ಮುಂದಿನ ಚಕ್ರ ಹಗುರಾಗಿ ಸುಮ್ಮನೆ ಸುತ್ತುತ್ತೆ. ಹೊಗೆ, ಸದ್ದು ಎಲ್ಲ ಬರುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಬಿಎಂಡಬ್ಲ್ಯು ಎಂ2 ತರಹ ಹಿಂದಿನ ಚಕ್ರ ತಳ್ಳೋ ಕಾರಾದರೆ ಹಿಡಿತ ಹೆಚ್ಚು ಸಿಗುತ್ತೆ, ಆದರೆ ತಪ್ಪಿದರೆ ಗಾಡಿಯ ಹಿಂಭಾಗ ಅಡ್ಡ ತಿರುಗುತ್ತೆ.

ಮೊಬೈಲ್‌ನಲ್ಲಿ ನೋಡಿದ ಅಮೆರಿಕದ ವಿಡಿಯೋ ಥರ 5,000 ಆರ್‌ಪಿಎಂನಲ್ಲಿ ಕ್ಲಚ್ ಧಡಾರ್ ಅಂತ ಬಿಡಬೇಡಿ. ಅಲ್ಲಿನ ಸ್ಟ್ರಿಪ್‌ಗೆ ಅಂಟು ಸಿಂಪಡಿಸಿ, ರಬ್ಬರ್ ಮೆತ್ತಿ ಇಟ್ಟಿರ್ತಾರೆ. ನಮ್ಮ ರನ್‌ವೇ ಡಾಂಬರಲ್ಲಿ ಅಷ್ಟು ಹಿಡಿತ ಸಿಗೋದಿಲ್ಲ.

ಮೊದಲ ಓಟಕ್ಕೆ 2,000ದಿಂದ 2,500 ಆರ್‌ಪಿಎಂ ಸಾಕು. ಕ್ಲಚ್ ಹಿಡಿಯೋ ಜಾಗಕ್ಕೆ ಬೇಗ ತನ್ನಿ, ಗಾಡಿ ಅಲುಗಿದ ಮೇಲೆ ಒಂದು ಸೆಕೆಂಡ್ ಒಳಗೆ ಪೂರ್ತಿ ಬಿಡಿ, ಆಕ್ಸಿಲರೇಟರ್ ಏರಿಸ್ತಾ ಹೋಗಿ. ಅರ್ಧ ಕ್ಲಚ್‌ನಲ್ಲೇ ಎಳೆದರೆ ಪ್ಲೇಟ್ ಸುಡುತ್ತೆ, ಒಮ್ಮೆಗೇ ಬಿಟ್ಟರೆ ಚಕ್ರ ಸುತ್ತುತ್ತೆ. ಚಕ್ರ ದಡದಡ ಕುಣಿಯೋಕೆ ಶುರುವಾದರೆ ತಕ್ಷಣ ಕಾಲು ಎತ್ತಿ. ಆಕ್ಸಲ್ ಮುರಿಯೋದು ಆ ಕುಣಿತದಲ್ಲೇ. ಟ್ರ್ಯಾಕ್ಷನ್ ಕಂಟ್ರೋಲ್ ಮೊದಲ ಓಟಗಳಲ್ಲಿ ಆನ್ ಇರಲಿ.

ಗೇರ್ ಹಾಕುವಾಗ ಆತುರ ಬೇಡ

ಮ್ಯಾನುಯಲ್ ಗಾಡಿಯಲ್ಲಿ ಅತಿ ದುಬಾರಿ ತಪ್ಪು ಅಂದ್ರೆ, ಮೂರರಿಂದ ನಾಲ್ಕಕ್ಕೆ ಹಾಕೋ ಬದಲು ಎರಡಕ್ಕೆ ಹಾಕೋದು. ಮೂರನೇ ಗೇರಲ್ಲಿ 6,000 ಆರ್‌ಪಿಎಂ ಇದ್ದ ಎಂಜಿನ್, ಎರಡಕ್ಕೆ ಬಿದ್ದ ಕೂಡಲೇ 9,000 ದಾಟಬಹುದು. ಇಲ್ಲಿ ಎಂಜಿನ್ನನ್ನ ತಿರುಗಿಸ್ತಿರೋದು ಚಕ್ರ, ಹಾಗಾಗಿ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿದರೂ ಪ್ರಯೋಜನ ಇಲ್ಲ. ವಾಲ್ವ್ ಬಾಗುತ್ತೆ, ಎಂಜಿನ್ ಬಿಚ್ಚಬೇಕಾಗುತ್ತೆ.

ಗೇರ್ ರಾಡನ್ನ ಮುಷ್ಟಿ ಕಟ್ಟಿ ಹಿಡಿಯಬೇಡಿ. ಎರಡರಿಂದ ಮೂರಕ್ಕೆ ತೆರೆದ ಅಂಗೈಯಲ್ಲಿ ಮುಂದಕ್ಕೆ ತಳ್ಳಿ, ಒಳಗಿನ ಸ್ಪ್ರಿಂಗ್ ತಾನೇ ಅದನ್ನ ನಡುವಿನ ಸಾಲಿಗೆ ತರುತ್ತೆ. ಮೂರರಿಂದ ನಾಲ್ಕಕ್ಕೆ ನೇರ ಹಿಂದಕ್ಕೆ, ಅಷ್ಟೇ. ಅರ್ಧ ಸೆಕೆಂಡ್ ಹೋದರೆ ಹೋಗಲಿ.

ಗೆರೆ ದಾಟಿದ ಮೇಲೆ

ಬ್ರೇಕ್ ಮೇಲೆ ಎಗರಬೇಡಿ. ಕಾಲು ಎತ್ತಿ, ಗೇರಲ್ಲೇ ಬಿಟ್ಟು, ಸ್ಟಿಯರಿಂಗ್ ನೇರ ಇಟ್ಟು ನಿಧಾನಕ್ಕೆ ಒತ್ತಿ. ಪಕ್ಕದ ಲೇನ್‌ನ ಗಾಡಿ ಎಲ್ಲಿದೆ ಅಂತ ನೋಡದೆ ತಿರುಗಿಸಬೇಡಿ. ವಾಪಸ್ ಬರೋ ದಾರಿಯಲ್ಲಿ ಆರಾಮಾಗಿ ಬನ್ನಿ. ಅಲ್ಲಿ ಜನ ಓಡಾಡ್ತಿರ್ತಾರೆ.

ಟರ್ಬೊ ಗಾಡಿಯನ್ನ ಬಂದ ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಕ್ಲಚ್ ಸುಟ್ಟ ವಾಸನೆ ಬಂದರೆ ಕನಿಷ್ಠ ಅರ್ಧ ಗಂಟೆ ಕಾಯಿರಿ. ಒಂದರ ಹಿಂದೆ ಒಂದು ಓಟ ಬೇಡ.

ಕೈಗೆ ಒಂದು ಚೀಟಿ ಕೊಡ್ತಾರೆ. ಅಂಗಡಿ ಲೆಕ್ಕದ ಹಾಗೆ ಅದನ್ನೂ ಸಾಲಾಗಿ ಓದಿ. ಕೊನೇ ಸಮಯ ಬಿಟ್ಟು, ಮೊದಲು 60 ಅಡಿಯ ಸಮಯ ನೋಡಿ. ಅದು ಓಟದಿಂದ ಓಟಕ್ಕೆ ಕಡಿಮೆ ಆಗ್ತಿದ್ದರೆ ನೀವು ಕಲೀತಿದ್ದೀರಿ ಅಂತ. ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಿ. ಆರ್‌ಪಿಎಂ, ಗಾಳಿ ಎರಡೂ ಬದಲಾಯಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.

ಮೂರು ಅಥವಾ ನಾಲ್ಕು ಓಟ ಮೊದಲ ದಿನಕ್ಕೆ ಧಾರಾಳ. ಹೊರಡೋ ಮುಂಚೆ ಚಕ್ರದ ಬೋಲ್ಟ್, ಟಯರ್ ಗಾಳಿ, ಆಯಿಲ್ ಮತ್ತೊಮ್ಮೆ ನೋಡಿ, ಸ್ಟೆಪ್ನಿ ವಾಪಸ್ ಹಾಕಿಕೊಳ್ಳಿ. ಸುಸ್ತಾಗಿದ್ದರೆ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡಿ. ಹೈವೇ ಹತ್ತಿದ ಮೇಲೆ ಪಕ್ಕದಲ್ಲಿ ಯಾರಾದರೂ ಹಾರ್ನ್ ಹೊಡೆದು ಕೆಣಕಿದರೆ ದಾರಿ ಬಿಟ್ಟುಕೊಡಿ. ನಿಮ್ಮ ಗಾಡಿ ಎಷ್ಟು ಫಾಸ್ಟು ಅನ್ನೋದು ಜೇಬಲ್ಲಿರೋ ಚೀಟಿಯಲ್ಲೇ ಬರೆದಿದೆ.