ಬಿರುಕಿನ ಸದ್ದು ಹಿಡಿಯುವ ಬಿಲ್ಲೆ

ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ತು ಮೂಡುತ್ತದೆ. ವಿದ್ಯುತ್ತು ಹಾಯಿಸಿದರೆ ಅವೇ ಹರಳುಗಳು ಕೂದಲೆಳೆಗಿಂತಲೂ ಕಡಿಮೆ ಹಿಗ್ಗುತ್ತವೆ, ಕುಗ್ಗುತ್ತವೆ. ಪೀಜೋಎಲೆಕ್ಟ್ರಿಕ್ ಎಂಬ ಈ ಗುಣ ಅಡುಗೆಮನೆಯ ಗ್ಯಾಸ್ ಲೈಟರಿನಲ್ಲೇ ಇದೆ. ಗುಂಡಿ ಒತ್ತಿದಾಗ ಒಳಗಿನ ಸ್ಪ್ರಿಂಗು ಬಿಟ್ಟುಕೊಂಡು ಪುಟ್ಟ ಸುತ್ತಿಗೆಯೊಂದು ಪಿಂಗಾಣಿ ತುಂಡಿಗೆ ಟಕ್ಕನೆ ಬಡಿಯುತ್ತದೆ. ಆ ಒಂದೇ ಪೆಟ್ಟಿಗೆ ಸಾವಿರಾರು ವೋಲ್ಟು ಹುಟ್ಟಿ ಕಿಡಿ ಹಾರುತ್ತದೆ. ಬ್ಯಾಟರಿಯ ಹಂಗಿಲ್ಲ. ಸೇತುವೆ, ಕಟ್ಟಡ, ವಿಮಾನದ ರೆಕ್ಕೆಗಳಲ್ಲಿ ಕಣ್ಣಿಗೆ ಬೀಳದ ಬಿರುಕನ್ನು ಪತ್ತೆಹಚ್ಚಲು ಬಳಸುವುದೂ ಇದೇ ಜಾತಿಯ ಪಿಂಗಾಣಿ.

ಈ ಗುಣವನ್ನು ಮೊದಲು ಕಂಡವರು ಪ್ಯಾರಿಸ್ಸಿನ ಸಹೋದರರಾದ ಜಾಕ್ ಮತ್ತು ಪಿಯರ್ ಕ್ಯೂರಿ, 1880ರಲ್ಲಿ. ಬೆಣಚುಕಲ್ಲು, ಟೂರ್ಮಲಿನ್, ಪುಷ್ಯರಾಗಗಳ ಜೊತೆ ಅವರ ಪಟ್ಟಿಯಲ್ಲಿ ಕಬ್ಬಿನ ಸಕ್ಕರೆಯ ಹರಳೂ ಇತ್ತು. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಯಳಂದೂರಿನ ನಾಲೆ ಬಯಲಿನ ಕಬ್ಬು ಅರೆದು ಬರುವ ಸಕ್ಕರೆಯ ಪ್ರತಿ ಹರಳಿಗೂ ಈ ಗುಣವಿದೆ. ರೇಷ್ಮೆಗೂ ಇದೆ: ಜಪಾನಿನ ಎಯ್ಚಿ ಫುಕಾಡಾ ರೇಷ್ಮೆ ನೂಲಿನಲ್ಲಿ ಇದನ್ನು ಅಳೆದು ಪ್ರಕಟಿಸಿದ್ದು 1956ರಲ್ಲಿ. ಆದರೆ ಸಕ್ಕರೆ ನೀರಿಗೆ ಕರಗುತ್ತದೆ, ರೇಷ್ಮೆ ಕೊಡುವ ವಿದ್ಯುತ್ತು ತೀರಾ ಕ್ಷೀಣ. ಸೇತುವೆಗೆ ಅಂಟಿಸಲು ಎರಡೂ ಒದಗುವುದಿಲ್ಲ.

ಕೆಲಸಕ್ಕೆ ಬರುವ ವಸ್ತು ಸಿಕ್ಕಿದ್ದು 1950ರ ದಶಕದಲ್ಲಿ. ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಆಕ್ಸೈಡುಗಳನ್ನು ಬೆರೆಸಿ ಸುಟ್ಟ ಪಿಝಡ್‌ಟಿ ಎಂಬ ಪಿಂಗಾಣಿಯ ಬಲವಾದ ಪೀಜೋ ಗುಣವನ್ನು ಅಮೆರಿಕದ ಬರ್ನಾರ್ಡ್ ಜಾಫಿ ಮತ್ತು ಸಂಗಡಿಗರು 1954ರ ಹೊತ್ತಿಗೆ ತೋರಿಸಿದರು. ಸುಟ್ಟ ಮಾತ್ರಕ್ಕೆ ಅದಕ್ಕೆ ಆ ಗುಣ ಬರುವುದಿಲ್ಲ. ಬಿಸಿಯಲ್ಲಿಟ್ಟು ಹೆಚ್ಚಿನ ವೋಲ್ಟೇಜು ಕೊಟ್ಟಾಗ ಒಳಗೆ ಚೆಲ್ಲಾಪಿಲ್ಲಿಯಾಗಿದ್ದ ವಿದ್ಯುತ್ ಧ್ರುವಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಆಮೇಲೇ ಅದು ಸೆನ್ಸರ್.

ಸದ್ದಿನಿಂದ ಬಿರುಕು ತಿಳಿಯುವ ಉಪಾಯ ಮಾತ್ರ ಇದಕ್ಕಿಂತ ಬಹಳ ಹಳೆಯದು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಮಡಕೆ ಠಣ್ಣೆನ್ನುತ್ತದೆ, ಸೀಳು ಬಿಟ್ಟದ್ದು ಬೊದ್ದೆನ್ನುತ್ತದೆ. ಕಲ್ಲುಕುಟಿಗರ ಸುತ್ತಿಗೆಯ ಪರೀಕ್ಷೆಯೂ ಅಷ್ಟೆ. ಪಿಝಡ್‌ಟಿ ಈ ತಟ್ಟುವ ಬೆರಳೂ ಹೌದು, ಕೇಳುವ ಕಿವಿಯೂ ಹೌದು.

ಕಿವಿಯಾಗಿ ಅದು ಮಾಡುವ ಕೆಲಸಕ್ಕೆ ಅಡಿಪಾಯ ಹಾಕಿದವರು ಜರ್ಮನಿಯ ಯೋಸೆಫ್ ಕೈಸರ್. ಲೋಹದ ಮೇಲೆ ಭಾರ ಹೇರಿದಾಗ ಒಳಗಿನಿಂದ ಸೂಕ್ಷ್ಮ ಸದ್ದು ಹೊರಡುತ್ತದೆ. ಭಾರ ತೆಗೆದು ಮತ್ತೆ ಹೇರಿದರೆ, ಹಿಂದಿನ ಮಿತಿ ದಾಟುವತನಕ ಲೋಹ ಮೌನವಾಗಿರುತ್ತದೆ ಎಂದು ಅವರು 1950ರಲ್ಲಿ ದಾಖಲಿಸಿದರು. ಹಳೆಯ ಭಾರಕ್ಕೇ ಮತ್ತೆ ಸದ್ದು ಮಾಡುವ ತೊಲೆಯೊಳಗೆ ಹಾಗಾದರೆ ಏನೋ ಕೆಟ್ಟಿದೆ.

ತೊಲೆಗೆ ಅಂಟಿಸಿದ ಒಂದೇ ಪಿಝಡ್‌ಟಿ ಬಿಲ್ಲೆಯನ್ನು ಬೆರಳಾಗಿಯೂ ಕಿವಿಯಾಗಿಯೂ ಬಳಸುವ ವಿಧಾನ ರೂಪುಗೊಂಡಿದ್ದು 1990ರ ದಶಕದಲ್ಲಿ. ಅಮೆರಿಕದ ಲಿಯಾಂಗ್, ಸನ್, ರಾಜರ್ಸ್ 1994ರಲ್ಲಿ ಅದರ ಗಣಿತ ಬರೆದರು. ಹಳೆಯ ನಾಣ್ಯದಷ್ಟು ಅಗಲದ, ಮಿಲಿಮೀಟರಿಗಿಂತ ತೆಳುವಾದ ತುಂಡನ್ನು ಎಪಾಕ್ಸಿ ಗೋಂದಿನಿಂದ ಉಕ್ಕಿಗೋ ಕಾಂಕ್ರೀಟಿಗೋ ಅಂಟಿಸಿ, ಎರಡು ತಂತಿ ಬೆಸುಗೆ ಹಾಕುತ್ತಾರೆ. ಸೆಕೆಂಡಿಗೆ ಲಕ್ಷದ ಆಸುಪಾಸಿನ ಕಂಪನಗಳ ವಿದ್ಯುತ್ತು ಕೊಟ್ಟಾಗ ಬಿಲ್ಲೆ ಅದುರುತ್ತದೆ, ತೊಲೆಯನ್ನೂ ಅದುರಿಸುತ್ತದೆ. ತೊಲೆ ತಿರುಗಿ ಒಡ್ಡುವ ತಡೆ ಬಿಲ್ಲೆಯ ವಿದ್ಯುತ್ತಿನಲ್ಲೇ ಗುರುತಾಗುತ್ತದೆ. ಆ ಏರಿಳಿತದ ಗೆರೆಯೇ ತೊಲೆಯ ಜಾತಕ. ಕಟ್ಟಿದ ಹೊಸತರಲ್ಲಿ ಬರೆದಿಟ್ಟುಕೊಂಡ ಗೆರೆಗೆ ಇಂದಿನದನ್ನು ಹೋಲಿಸಿದಾಗ ಶಿಖರಗಳು ಪಕ್ಕಕ್ಕೆ ಸರಿದಿದ್ದರೆ ಅನುಮಾನಪಡಬೇಕು. ಅನುಮಾನವಷ್ಟೇ, ಏಕೆಂದರೆ ಬೇಸಿಗೆಯ ಬಿಸಿಲಿಗೂ ಗೆರೆ ಸರಿಯುತ್ತದೆ, ಗೋಂದು ಬಿಟ್ಟರೂ ಸರಿಯುತ್ತದೆ. ಬಿಲ್ಲೆಗೆ ದೂರದೃಷ್ಟಿಯೂ ಇಲ್ಲ. ಕಾಂಕ್ರೀಟಿನಲ್ಲಿ ತನ್ನ ಸುತ್ತಲಿನ ಅಷ್ಟಿಷ್ಟು ಜಾಗವನ್ನೇ ಅದು ಬಲ್ಲದು.

ಕರ್ನಾಟಕದಲ್ಲಿ ಈ ವಿದ್ಯೆಯ ನೆಲೆ ಬೆಂಗಳೂರು. ನೀರಿನೊಳಗಿನ ಮಾರ್ದನಿ ಅಳೆಯುವ ಸೋನಾರ್ ತಂತ್ರಜ್ಞಾನದಲ್ಲಿ ಕೆಲಸ ಮಾಡಿದ್ದ ವಿಜ್ಞಾನಿ ವಿ.ಕೆ. ಆತ್ರೆ ಅವರ ಮುಂದಾಳತ್ವದಲ್ಲಿ 2000ದಲ್ಲಿ ಸ್ಮಾರ್ಟ್ ವಸ್ತುಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವಾದ ಎನ್‌ಎಎಲ್‌ನಲ್ಲಿ ವಿಮಾನದ ಭಾಗಗಳ ಮೇಲೆ ಇಂಥ ಸೆನ್ಸರುಗಳ ಸಂಶೋಧನೆ ನಡೆದಿದೆ. ವಿಮಾನಕ್ಕೆ ಸಿಕ್ಕ ಗಮನ ರಸ್ತೆ ಸೇತುವೆಗಳಿಗೆ ಸಿಕ್ಕಿಲ್ಲ.

ಕೊಳ್ಳೇಗಾಲದ ಮಟ್ಟಿಗೆ ಸೇತುವೆಯೆಂದರೆ ಶಿವನಸಮುದ್ರದ ವೆಸ್ಲಿ ಸೇತುವೆ. 1830ರ ದಶಕದ ಆರಂಭದಲ್ಲಿ ಜಹಗೀರುದಾರ ರಾಮಸ್ವಾಮಿ ಮುದಲಿಯಾರ್ ಕಟ್ಟಿಸಿದ್ದು. ಕಾವೇರಿಯ ಬಂಡೆಗಳ ಮೇಲೆ ಕಲ್ಲುಕಂಬಗಳ ಸಾಲು, ಅದರ ಮೇಲೆ ಕಲ್ಲಿನದೇ ಹಾಸು. ವೆಲ್ಲೆಸ್ಲಿ ಸೇತುವೆ ಎಂದೂ ಅದನ್ನು ಕರೆಯುವುದುಂಟು. 2018ರ ಪ್ರವಾಹದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ಇಂಥ ಬಿಡಿಗಲ್ಲಿನ ಕಟ್ಟಡಕ್ಕೆ ಬಿಲ್ಲೆ ಅಂಟಿಸಿದರೆ ಆ ಕಂಬದ ಸೀಳು ತಿಳಿದೀತು, ಪಕ್ಕದ ಕಂಬದ್ದು ತಿಳಿಯದು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗುವಾಗ ಕಂಪನ ಸಂದಿನಲ್ಲೇ ಸತ್ತುಹೋಗುತ್ತದೆ. ಹೊಳೆಯ ಸೇತುವೆಗಳಿಗೆ ಬರುವ ದೊಡ್ಡ ಕೇಡು ನೀರು ಕಂಬದ ಬುಡ ಕೊರೆಯುವುದು. ಅದನ್ನು ನೋಡಲು ನೀರಿನೊಳಗೆ ಸದ್ದು ಬಿಟ್ಟು ಮಾರ್ದನಿ ಅಳೆಯುವ ಸೋನಾರ್ ಬೇಕು. ಸೋನಾರಿನ ಒಳಗಿರುವುದೂ ಪೀಜೋ ತುಂಡೇ. ಮೊದಲ ಮಹಾಯುದ್ಧದ ಕಾಲದಲ್ಲಿ ಜಲಾಂತರ್ಗಾಮಿ ಹುಡುಕಲು ಫ್ರಾನ್ಸಿನ ಪಾಲ್ ಲ್ಯಾಂಜೆವಿನ್ ಬೆಣಚುಕಲ್ಲಿನ ಬಿಲ್ಲೆಗಳನ್ನು ಉಕ್ಕಿನ ತಟ್ಟೆಗಳ ನಡುವೆ ಇಟ್ಟು ಮಾಡಿದ್ದು ಅದನ್ನೇ.